ಸಂತ ಗೊನ್ಸಾಲೊ ಗಾರ್ಸಿಯಾ ಹುಟ್ಟಿದ್ದು ಯಾವಾಗ?



ಫೆಬ್ರವರಿ 6ರಂದು ಧರ್ಮಸಭೆಯು ಸಂತ ಪೌಲ್ ಮಿಕಿ ಮತ್ತು ಸಂಗಡಿಗರನ್ನು ಸ್ಮರಿಸುತ್ತದೆ. ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿದ ಆ 26 ರಕ್ತಸಾಕ್ಷಿಗಳಲ್ಲಿ ಒಬ್ಬರು ನಮ್ಮ ದೇಶದ ವಸಾಯಿಯಲ್ಲಿ ಜನಿಸಿದ ಸಂತ ಗೊನ್ಸಾಲೊ ಗಾರ್ಸಿಯಾ.

ಒಮ್ಮೆ ಈ ಹಬ್ಬಕ್ಕೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ರಸಪ್ರಶ್ನೆ ಇಟ್ಟಿದ್ದೆವು. ಸಂತರ ಜನ್ಮದಿನ ‘1557, ಫೆಬ್ರವರಿ 5’ ಎಂದು ಉತ್ತರ ಬರೆದುಕೊಟ್ಟವನು ನಾನೇ. ‘ದಿನ ಯಾರಿಗೂ ಗೊತ್ತಿಲ್ಲ’ ಎಂದ ಹುಡುಗಿಗೆ ಬಹುಮಾನ ತಪ್ಪಿತು. ಮರುವಾರ ಆಕೆಯ ತಂದೆ ಬಂದು, “ಫಾದರ್, ಆ ದಿನಾಂಕ ಎಲ್ಲಿ ಬರೆದಿದೆ?” ಎಂದು ವಿನಯದಿಂದ ಕೇಳಿದರು. ನಾನು ಹುಡುಕಲು ಕುಳಿತೆ.

ಮರಣದ ದಿನದಲ್ಲಿ ಸಂಶಯವಿಲ್ಲ: 1597, ಫೆಬ್ರವರಿ 5. ಆಗ ಜಪಾನಿನಲ್ಲಿದ್ದ ಯೇಸುಸಭೆಯ ಗುರು ಲೂಯಿಸ್ ಫ್ರೊಯಿಸ್ ಅದೇ ವರ್ಷ ಈ ಘಟನೆಯ ವರದಿ ಬರೆದರು. ಜಪಾನಿನ ಪಂಚಾಂಗದಲ್ಲಿ ಅದು ಕೆಯ್‌ಚೋ ಮೊದಲನೆಯ ವರ್ಷದ 12ನೆಯ ತಿಂಗಳ 19ನೆಯ ದಿನ. ಆ ವರ್ಷದ ಹೆಚ್ಚು ಭಾಗ ನಮ್ಮ 1596ರಲ್ಲಿ ಬರುತ್ತದೆ. ಅವಸರದಲ್ಲಿ ಲೆಕ್ಕ ಹಾಕಿದರೆ ಒಂದು ವರ್ಷವೇ ತಪ್ಪೀತು. ಇನ್ನು ಫೆಬ್ರವರಿ 5 ಸಂತ ಆಗತಾಳ ಹಬ್ಬವಾದ್ದರಿಂದ ಇವರ ಸ್ಮರಣೆ ಮರುದಿನಕ್ಕೆ ಬಂದಿದೆ.

ಜನನದ ಕಥೆಯೇ ಬೇರೆ. ಪುಸ್ತಕಗಳು 1556 ಅಥವಾ 1557 ಎನ್ನುತ್ತವೆ. ಮರಣದ ವೇಳೆಗೆ ಅವರಿಗೆ ಸುಮಾರು 40 ವರ್ಷ ಎಂದಿಟ್ಟು ಹಿಂದಕ್ಕೆ ಎಣಿಸಿದರೆ ಅಲ್ಲಿಗೇ ಬರುತ್ತೇವೆ. ಇದು ಅಂದಾಜು, ದಾಖಲೆಯಲ್ಲ. ಜ್ಞಾನಸ್ನಾನದ ಪುಸ್ತಕ ನೋಡಬಾರದೇ ಎಂದು ನೀವು ಕೇಳಬಹುದು. ಜ್ಞಾನಸ್ನಾನಕ್ಕೆ ನಿಂತ ಜ್ಞಾನತಂದೆತಾಯಿಯರ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಮರಣದ ಪುಸ್ತಕವನ್ನೂ ಇಡಬೇಕೆಂದು ರೋಮನ್ ವಿಧಿಗ್ರಂಥ ಹೇಳಿದ್ದು 1614ರಲ್ಲಿ. ಗೊನ್ಸಾಲೊ ಹುಟ್ಟಿದಾಗ ಆ ನಿಯಮವೇ ಇರಲಿಲ್ಲ. 1739ರಲ್ಲಿ ಮರಾಠರ ಕೈವಶವಾದ ವಸಾಯಿ ಕೋಟೆಯೊಳಗಿನ ಹಳೆಯ ಚರ್ಚುಗಳಲ್ಲಿ ಹೆಚ್ಚಿನವು ಇಂದು ಪಾಳುಗೋಡೆಗಳು.

ಹಾಗಾದರೆ ನನ್ನ ತಪ್ಪು ಎಲ್ಲಿಯದು? ಧರ್ಮಸಭೆಯು ಸಂತರ ಮರಣದ ದಿನವನ್ನೇ ಅವರ ಸ್ವರ್ಗೀಯ ಜನ್ಮದಿನವೆಂದು ಕರೆಯುತ್ತದೆ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಪ್ರಭು ಯೇಸು, ಮಾತೆ ಮರಿಯ ಮತ್ತು ಸ್ನಾನಿಕ ಯೊವಾನ್ನರಿಗೆ ಮಾತ್ರ. ನಾನು ‘ಜನ್ಮದಿನ’ ಎಂಬ ಮಾತನ್ನು ಓದಿ, ಅಂದಾಜಿನ ವರ್ಷಕ್ಕೆ ಮರಣದ ದಿನವನ್ನು ಅಂಟಿಸಿಬಿಟ್ಟಿದ್ದೆ.

ಮುಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ ನನ್ನ ತಪ್ಪನ್ನು ಹೇಳಿ, ಆ ಹುಡುಗಿಗೆ ಬಹುಮಾನ ಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಆಕೆಗಿದ್ದ ಧೈರ್ಯ ನನಗಿರಲಿಲ್ಲ.

1627ರಲ್ಲಿ ಎಂಟನೆಯ ಅರ್ಬನರು ಇವರನ್ನು ಧನ್ಯರೆಂದೂ, 1862ರ ಜೂನ್ 8ರಂದು ಒಂಬತ್ತನೆಯ ಪಿಯುಸರು ಸಂತರೆಂದೂ ಸಾರಿದರು. ಹುಟ್ಟಿದ ದಿನ ತಿಳಿಯದಿರುವುದು ಅದಕ್ಕೆ ಅಡ್ಡಿಯಾಗಲಿಲ್ಲ; ಅವರು ಹೇಗೆ ಸತ್ತರು ಎಂಬುದಕ್ಕೆ ಸಾಕ್ಷಿಗಳಿದ್ದರು. ಹಾಗೆಂದು ನಾವು ದಾಖಲೆಯನ್ನು ಕಡೆಗಣಿಸುವುದು ಬೇಡ. ಮಗುವಿನ ಜ್ಞಾನಸ್ನಾನಕ್ಕೆ ಬಂದಾಗ ಹೆಸರು, ದಿನಾಂಕವನ್ನು ಪುಸ್ತಕದಲ್ಲಿ ನೀವೇ ಒಮ್ಮೆ ಓದಿ ನೋಡಿರಿ. ಮನೆಯ ಹಿರಿಯರು ಇರುವಾಗಲೇ ಅವರ ಕಾಲದ ಸಂಗತಿಗಳನ್ನು ಕೇಳಿ ಬರೆದಿಡಿರಿ.

ಸಂತ ಗೊನ್ಸಾಲೊ ಗಾರ್ಸಿಯಾರವರೇ, ನಾವು ಸತ್ಯವನ್ನೇ ನುಡಿಯುವಂತೆ ನಮಗಾಗಿ ಪ್ರಾರ್ಥಿಸಿರಿ.