ಪಡುವಣದ ಭಾನುವಾರ ಸಾಮ್ರಾಜ್ಯ

1945ರಲ್ಲಿ ಬೆಂಗಳೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. 1949ರಲ್ಲಿ, ಗವರ್ನರ್ ಜನರಲ್ ರಾಜಾಜಿಯವರ ಹೆಸರು ಹೊತ್ತು ಊರಿನ ಪಡುವಣ ಅಂಚಿನಲ್ಲಿ ರಾಜಾಜಿನಗರ ತಲೆಯೆತ್ತಿತು. ಕಾರ್ಖಾನೆಗಳು ಬಂದವು, ಅವುಗಳ ಬೆನ್ನಿಗೆ ಕೆಲಸಗಾರರು ಬಂದರು, ಅವರ ಬೆನ್ನಿಗೆ ಸಂಸಾರಗಳು ಬಂದವು. ಮನೆಗಳು ಮಾತ್ರ ಅಷ್ಟು ಅವಸರ ಮಾಡಲಿಲ್ಲ. ಸೈಟು ಸಿಕ್ಕವರು ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಸಾಲಕ್ಕೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾಯುತ್ತಿದ್ದರು. ಅವರು ಕಾಯುತ್ತಿದ್ದಷ್ಟು ಕಾಲ ಆ ನೆಲವನ್ನು ಆಳಿದವರು ನಾವು, ಬಡಾವಣೆಯ ಕ್ರಿಕೆಟ್ ತಂಡದವರು.

ಸಾಮ್ರಾಜ್ಯದ ಭಂಡಾರವೆಂದರೆ ಒಂದು ಕ್ಯಾನ್ವಾಸ್ ಚೀಲ. ಅದರಲ್ಲಿ ಬ್ಯಾಟು ಎರಡು, ಪ್ಯಾಡು ಮೂರು, ಗಾರ್ಡು ಒಂದು. ಆರಂಭಿಕ ಜೋಡಿಯಲ್ಲಿ ವಯಸ್ಸಿಗೆ ಹಿರಿಯನಾದವನಿಗೆ ಎರಡೂ ಕಾಲಿಗೆ ಪ್ಯಾಡು, ಕಿರಿಯನಿಗೆ ಒಂದೇ ಕಾಲಿಗೆ. ಗಾರ್ಡಿನ ಹಸ್ತಾಂತರ ನಡೆಯುತ್ತಿದ್ದುದು ಮಾತ್ರ ಹುಣಸೆ ಮರದ ಮರೆಯಲ್ಲಿ. ಭಂಡಾರಿಗೆ ಬ್ಯಾಟಿಂಗ್ ಬರುತ್ತಿರಲಿಲ್ಲ, ಬೌಲಿಂಗೂ ಬರುತ್ತಿರಲಿಲ್ಲ, ಕ್ಯಾಚಂತೂ ಹಿಡಿದವನೇ ಅಲ್ಲ. ಆದರೆ ಚೀಲ ಇದ್ದದ್ದು ಅವನ ಮನೆಯ ಮಂಚದ ಕೆಳಗೆ. ಅವನನ್ನು ಕೈಬಿಟ್ಟರೆ ಪಂದ್ಯವನ್ನೇ ಕೈಬಿಡಬೇಕಿತ್ತು. ಹೀಗಾಗಿ ತಂಡದಲ್ಲಿ ಅವನಷ್ಟು ಕಾಯಂ ಆಟಗಾರ ಇನ್ನೊಬ್ಬನಿರಲಿಲ್ಲ.

ರಾಜಚಿಹ್ನೆಯೆಂದರೆ ತೆಂಗಿನ ನಾರಿನ ಮ್ಯಾಟು. ಭಾನುವಾರ ಬೆಳಿಗ್ಗೆ ತರಕಾರಿಯವನ ತಳ್ಳುಗಾಡಿಯ ಮೇಲೆ ಅದರ ಮೆರವಣಿಗೆ ಹೊರಡುತ್ತಿತ್ತು. ಮೈದಾನ ಸೇರಿದ ಮೇಲೆ ಈರುಳ್ಳಿ ಸಿಪ್ಪೆ ಕೊಡವಿ, ನೆಲಕ್ಕೆ ನೀರು ಚಿಮುಕಿಸಿ, ಮ್ಯಾಟು ಬಿಡಿಸುವುದು. ಆ ತುದಿಗೆ ನಾಲ್ವರು, ಈ ತುದಿಗೆ ನಾಲ್ವರು ಹಗ್ಗಜಗ್ಗಾಟದ ಹಾಗೆ ಎಳೆದು ಹಿಡಿಯುವಾಗ ಉಳಿದವರು ಅಂಚಿನ ಬಳೆಗಳಿಗೆ ಕಬ್ಬಿಣದ ಮೊಳೆ ಬಡಿಯಬೇಕು. ಬಿಗಿಯಾಗಿ ಎಳೆದರೆ ಚೆಂಡು ಎದೆಯೆತ್ತರ ಪುಟಿಯುತ್ತದೆ, ಸಡಿಲ ಬಿಟ್ಟರೆ ಕಚ್ಚಿಕೊಂಡು ತಿರುಗುತ್ತದೆ. ಮೊಳೆಯ ತಲೆಗೆ ಬಿದ್ದರೆ ಎತ್ತ ಹೋಗುತ್ತದೆಂದು ಎಸೆದವನಿಗೂ ತಿಳಿಯದು. ಒಂದು ಮಳೆಗಾಲದಲ್ಲಿ ಗೆದ್ದಲು ಮ್ಯಾಟಿನ ಮೂರಡಿಯನ್ನು ನುಂಗಿತು. ನಾಯಕ ಯೋಚಿಸಿ, 22 ಗಜದ ಪಿಚ್ಚನ್ನೇ ಮ್ಯಾಟಿನ ಅಳತೆಗೆ ಇಳಿಸಿದ. ನಮಗಿದ್ದವರೆಲ್ಲ ಸ್ಪಿನ್ನರುಗಳು. ಎದುರಾಳಿಗಳಲ್ಲಿ ಆರಡಿ ಮೀರಿದ ವೇಗಿಯೊಬ್ಬನಿದ್ದ. ಆ ಗಜ ಕಡಿಮೆಯಾದ ಪುಣ್ಯ ಯಾರಿಗೆ ದಕ್ಕಿತೆಂದು ಬಿಡಿಸಿ ಹೇಳಬೇಕಿಲ್ಲ.

ನ್ಯಾಯಾಂಗದ ಕಥೆಯೂ ಇದೆ. ಸ್ನೇಹಪಂದ್ಯಗಳಲ್ಲಿ ಬ್ಯಾಟಿಂಗ್ ಮಾಡುವ ಕಡೆಯವರೇ ಅಂಪೈರಾಗುವುದು ರೂಢಿ. ಬಿ.ಎಸ್ಸಿ. ಓದುತ್ತಿದ್ದವನೊಬ್ಬನ ಲ್ಯಾಬ್ ಕೋಟೇ, ಆಸಿಡ್ಡಿನ ತೂತುಗಳ ಸಮೇತ, ಅಂಪೈರನ ಪೋಷಾಕು. ಒಮ್ಮೆ ನಮ್ಮ ನಾಯಕ ಹೊಡೆಯದೆ, ಬಿಡದೆ, ಗಂಟೆಗಟ್ಟಲೆ ತಡೆಯುತ್ತ ನಿಂತಿದ್ದ. ಲೆಗ್ ಸ್ಟಂಪಿನ ಆಚೆ ಹೋಗುತ್ತಿದ್ದ ಚೆಂಡು ಪ್ಯಾಡಿಗೆ ತಗುಲಿತು. ಬೌಲರ್ ಸುಮ್ಮನೆ ಬಾಯಿ ತೆರೆದಿದ್ದನಷ್ಟೆ, ಅಪೀಲು ಇನ್ನೂ ಗಂಟಲಲ್ಲೇ ಇತ್ತು. ನಮ್ಮವನ ಬೆರಳು ಆಗಲೇ ಮೇಲೆದ್ದಿತ್ತು.

‘ಏನೋ ಇದು, ನಮ್ಮೋನಾಗಿ ನನಗೇ ಔಟ್ ಕೊಡ್ತೀಯಾ?’

‘ಗುರು, ನೆಕ್ಸ್ಟ್ ಬ್ಯಾಟಿಂಗ್ ನಂದೇ. ಬೆಳಗಿಂದ ಕೋಟು ಹಾಕ್ಕೊಂಡು ನಿಂತಿದ್ದೀನಿ. ನೀನು ಹೊಡಿಯೋದೂ ಇಲ್ಲ, ಔಟಾಗೋದೂ ಇಲ್ಲ.’

ಕೋಟು ನಾಯಕನ ಹೆಗಲೇರಿತು, ಬ್ಯಾಟು ನ್ಯಾಯಾಧೀಶನ ಕೈಸೇರಿತು. ಎರಡನೇ ಎಸೆತಕ್ಕೇ ಹೊಸ ಅಂಪೈರ್ ಹಳೆಯ ಅಂಪೈರನಿಗೆ ಎಲ್‌ಬಿ ಕೊಟ್ಟು ಸೇಡು ತೀರಿಸಿಕೊಂಡ.

ಬೇರೆ ರಾಜ್ಯಗಳು ಯುದ್ಧಗಳಲ್ಲಿ ಸೋತು ನೆಲ ಕಳೆದುಕೊಂಡವು. ನಾವು ಕಳೆದುಕೊಂಡದ್ದು ಗೃಹಪ್ರವೇಶಗಳಲ್ಲಿ. ಮೊದಲು ಫೈನ್ ಲೆಗ್ಗಿನಲ್ಲಿ ಪಾಯ ತೋಡಿದರು, ಬಳಿಕ ಕವರ್ಸಿನಲ್ಲಿ ಇಟ್ಟಿಗೆ ಇಳಿಸಿದರು. ಮರಳುಗುಡ್ಡೆಗೆ ಬಿದ್ದರೆ ಎರಡು ರನ್, ಸಿಮೆಂಟಿನ ನೀರಿನ ತೊಟ್ಟಿಗೆ ಬಿದ್ದರೆ ಔಟ್ ಎಂದು ಕಾನೂನಿಗೆ ತಿದ್ದುಪಡಿಗಳಾದವು. ಮನೆ ಮುಗಿದಾಗ ಯಜಮಾನರು ತಂಡಕ್ಕೆಲ್ಲ ಊಟಕ್ಕೆ ಹೇಳಿದರು. ಫೈನ್ ಲೆಗ್ಗಿನಲ್ಲಿ ಎಲೆ ಹಾಕಿಸಿಕೊಂಡು, ಇದೇ ಜಾಗದಲ್ಲಿ ಯಾರು ಯಾವ ಕ್ಯಾಚು ಬಿಟ್ಟರೆಂದು ಲೆಕ್ಕ ಹಾಕುತ್ತ ಹೋಳಿಗೆ ತಿಂದೆವು.

ರಾಜಧಾನಿ ಪಡುವಣಕ್ಕೆ ಸರಿಯಿತು. ಕಾರ್ಡ್ ರಸ್ತೆ ದಾಟಿ ಬಸವೇಶ್ವರನಗರದ ಬಯಲಿಗೆ ಹೋದೆವು, ಅಲ್ಲಿಂದ ವಿಜಯನಗರಕ್ಕೆ. 1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬಿಡಿಎ ಬಂತು, ಬಡಾವಣೆಗಳು ಬೆಳೆಯುತ್ತಲೇ ಹೋದವು, ನಾವು ಮೈಸೂರು ರಸ್ತೆ ಹಿಡಿದು ಕೆಂಗೇರಿ ಮುಟ್ಟಿದೆವು. ಅಲ್ಲಿ ಹಳಿಯ ಪಕ್ಕದ ಬಯಲು. ಮೈಸೂರಿನ ರೈಲು ಕೂಗಿದ ಹೊತ್ತಿಗೇ ನಮ್ಮವನ ಬ್ಯಾಟಿಗೆ ಸವರಿದ ಚೆಂಡನ್ನು ಕೀಪರ್ ಹಿಡಿದ. ಸವರಿದ ಸದ್ದು ಯಾರಿಗೂ ಕೇಳಲಿಲ್ಲ, ನಮ್ಮವನು ಉಳಿದ. ಮರುವಾರದಿಂದ ಬ್ಯಾಟಿಂಗ್ ಕ್ರಮ ನಿರ್ಧಾರವಾದದ್ದು ರೈಲ್ವೆ ವೇಳಾಪಟ್ಟಿ ನೋಡಿ.

ಈ ನಡುವೆ ದೊಡ್ಡ ಚರಿತ್ರೆಯೂ ನಡೆದಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನ ರಣಜಿ ಸೆಮಿಫೈನಲ್ಲಿಗೆ, ಸತತ 15 ಸಲ ಗೆದ್ದಿದ್ದ ಬೊಂಬಾಯಿ ಬೆಂಗಳೂರಿಗೆ ಬಂತು. ವಿಶ್ವನಾಥ್ 162 ಹೊಡೆದರು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು, ನಾಯಕ ವಾಡೇಕರ್ ಓಡುವಾಗ ಜಾರಿ ರನೌಟಾದರು. ನಮ್ಮ ಬಯಲಿನಲ್ಲಿ ವಾರಕ್ಕೆ ನಾಲ್ವರು ಜಾರುತ್ತಿದ್ದರು, ಅದರಿಂದ ಯಾವ ಯುಗವೂ ಮುಗಿದಿರಲಿಲ್ಲ. ಮೊದಲ ಇನಿಂಗ್ಸ್ ಮುನ್ನಡೆಯಿಂದ ಫೈನಲ್ ಸೇರಿದ ಕರ್ನಾಟಕ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದಿತು. ಮುಂದಿನ ಭಾನುವಾರ ನಮ್ಮಲ್ಲಿ ಎಲ್ಲರೂ ವಿಶಿಗಳೇ. ನೇರ ಬಂದ ಚೆಂಡಿಗೂ ಸ್ಕ್ವೇರ್ ಕಟ್. ಇಡೀ ತಂಡ ಊಟಕ್ಕೆ ಮುಂಚೆಯೇ ಬೌಲ್ಡಾಗಿ ಕೂತಿತ್ತು.

ಸಾಮ್ರಾಜ್ಯ ಅಳಿದು ಹೋಯಿತು. ಅದರ ಶಾಸನವಾದ ಸ್ಕೋರ್ ಪುಸ್ತಕದಲ್ಲಿ ಸೋಲುಗಳೇ ಹೆಚ್ಚು. ಹಾಗೆಂದು ನಮ್ಮ ಆಳ್ವಿಕೆ ವ್ಯರ್ಥವಾಯಿತೆನ್ನಲಾಗದು. ಪ್ರತಿಭಾವಂತ ಹುಡುಗರಿಗೆ ಮೊದಲ ಶತಕ ಹೊಡೆಯಲು ಯಾರಾದರೂ ಚೆಂಡು ಹಾಕಿಕೊಡಬೇಕು, ಅವರ ಕ್ಯಾಚುಗಳನ್ನು ಯಾರಾದರೂ ಬಿಡಬೇಕು. ನಾಡಿನ ಕ್ರಿಕೆಟ್ಟಿಗೆ ಆ ಸೇವೆಯನ್ನು ನಾವು ಒಂದು ಭಾನುವಾರವೂ ತಪ್ಪದಂತೆ ಸಲ್ಲಿಸಿದ್ದೇವೆ.