ಹೊಟ್ಟೆ ಬಂದ ದಾರಿ

ಮೊನ್ನೆ ಸುಲೇಪೇಟಕ್ಕೆ ಹೋದಾಗ ಅಜ್ಜಿ ನನ್ನ ಹೊಟ್ಟೆ ನೋಡಿ "ನಿಮ್ಮಪ್ಪಂದೇ ಬಂದದ ನೋಡಪಾ" ಅಂದಳು. ಅಪ್ಪನಿಗೆ ಸಕ್ಕರೆ ಕಾಯಿಲೆ. ನಗು ಬರಲಿಲ್ಲ.

ಬರಗಾಲದಲ್ಲಿ ಜೀವ ಉಳಿಸಿದ ಜೀನ್‌ಗಳೇ ಸುಭಿಕ್ಷದಲ್ಲಿ ಕಾಯಿಲೆ ತರುತ್ತವೆ ಅಂತ 1962ರಲ್ಲಿ ಜೇಮ್ಸ್ ನೀಲ್ ವಾದಿಸಿದ್ದ. ಬರ ಕಂಡ ನಮ್ಮ ಕಡೆಯವರಿಗೆ ಹಿಡಿಸುವ ಕಥೆ.. ಆದರೆ ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. 2007ರಲ್ಲಿ ಸಿಕ್ಕ, ಎಫ್‌ಟಿಒ ಜೀನ್‌ನ ತೂಕ ಹೆಚ್ಚಿಸುವ ರೂಪ ತಂದೆತಾಯಿ ಇಬ್ಬರಿಂದಲೂ ಬಂದರೆ ಯುರೋಪಿನವರಲ್ಲಿ ಸರಾಸರಿ 3 ಕೆಜಿ ಹೆಚ್ಚು, ಅಷ್ಟೇ. ನನಗೆ ಹೆಚ್ಚಿರೋದು 14! :)

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಬರೆದಿಟ್ಟಿದ್ದರು. ಅದನ್ನು ಹಿಡಿದು ಹುಡುಕಿದಾಗ (1998), ಗಿಡ್ಡಗೆ ದುಂಡಗೆ ಹುಟ್ಟಿದವರಿಗೆ, ತೂಕದ ತಾಯಂದಿರ ಮಕ್ಕಳಿಗೆ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅಂದರೆ ಜೀನ್ ಜೊತೆ ಬಸಿರಿನ ಲೆಕ್ಕವೂ ಇದೆ.

ಅಪ್ಪ ಹುಟ್ಟಿದಾಗ ಎಷ್ಟು ತೂಕ ಇದ್ದ ಅಂತ ಅಜ್ಜಿಗೆ ಕೇಳಿದೆ.

"ಮನ್ಯಾಗ ಹುಟ್ಟ್ಯಾನ. ತಕ್ಕಡಿ ಯಾರು ತರ್ತಿದ್ರಪಾ?"