ಹಳೆಯ ಕಾರುಗಳ ಬಿಡಿಭಾಗಗಳ ತುಕ್ಕು: ಆಮ್ಲ, ಕಾಕಂಬಿ ಮತ್ತು ಟ್ಯಾನಿನ್

ಬೆಂಗಳೂರಿನ ಮಲ್ಲೇಶ್ವರಂನ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಂಜಿನ್ನಲ್ಲ, ತಗಡು. ಸುಮಾರು 900 ಮೀಟರ್ ಎತ್ತರದ ಈ ಊರಿಗೆ ಕಡಲ ಉಪ್ಪುಗಾಳಿ ತಾಗದು. ಮಂಗಳೂರಿನಷ್ಟು ಬೇಗ ಇಲ್ಲಿ ಕಬ್ಬಿಣ ಸವೆದುಹೋಗುವುದಿಲ್ಲ. ಆದರೆ ಬಾಗಿಲಿನ ಕೆಳಮಡಿಕೆಗೆ, ಡಿಕ್ಕಿಯ ತಳಕ್ಕೆ ಇಳಿದ ಮಳೆನೀರು ಟಾರ್ಪಾಲಿನಡಿ ಆರುವುದೇ ಕಷ್ಟ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಇರುವ ಭಾಗವನ್ನೇ ಉಳಿಸಿಕೊಳ್ಳಬೇಕು. ಹಾಗಾಗಿ ತುಕ್ಕು ತೆಗೆಯುವ ದ್ರಾವಣವನ್ನು ಅದರ ವೇಗ ನೋಡಿ ಆರಿಸದೆ, ಭಾಗದ ಲೋಹ ಮತ್ತು ಅದು ಹೊರುವ ಭಾರ ನೋಡಿ ಆರಿಸಬೇಕೆಂಬುದು ಈ ಲೇಖನದ ವಾದ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕನ್ನು ಬೇಗ ಕರಗಿಸುತ್ತದೆ, ಜೊತೆಗೆ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಆಗ ಹುಟ್ಟುವ ಜಲಜನಕದ ಒಂದು ಪಾಲು ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಮೆದು ಉಕ್ಕಿನ ಬ್ರಾಕೆಟ್ಟಿಗೆ ಇದು ಅಷ್ಟಾಗಿ ಬಾಧಿಸದು. ಗಡಸುಗೊಳಿಸಿದ ಸ್ಪ್ರಿಂಗು, ಹೈಟೆನ್ಸೈಲ್ ಬೋಲ್ಟುಗಳು ಮಾತ್ರ ಭಾರ ಬಿದ್ದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು. ಅವನ್ನು ಆಮ್ಲಕ್ಕೆ ಅದ್ದಲೇಬಾರದು. ಇದಲ್ಲದೆ ತುಕ್ಕಿನ ಗುಳಿಗಳಲ್ಲಿ ಉಳಿದ ಕ್ಲೋರೈಡು ಬಣ್ಣದಡಿಯಲ್ಲಿ ತುಕ್ಕನ್ನು ಮತ್ತೆ ಎಬ್ಬಿಸುತ್ತದೆ.

ಕಾಕಂಬಿಯ ದಾರಿ ನಿಧಾನದ್ದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಭಾಗವನ್ನು ಪೂರ್ತಿ ಮುಳುಗಿಸಿಟ್ಟರೆ, ಅದರಲ್ಲಿನ ಸಾವಯವ ಸಂಯುಕ್ತಗಳು ತುಕ್ಕಿನ ಕಬ್ಬಿಣದ ಅಯಾನುಗಳನ್ನು ಹಿಡಿದು ದ್ರಾವಣಕ್ಕೆಳೆಯುತ್ತವೆ. ಒಂದೆರಡು ವಾರ ಬೇಕು. ದ್ರಾವಣ ಹುಳಿತು ನೊರೆಯೇರುತ್ತದೆ, ವಾಸನೆ ಬರುತ್ತದೆ. ಹೊರತೆಗೆದ ಹಿಂಜಿನ ಮೇಲೆ ಕಪ್ಪು ಲೋಳೆ ಕೂತಿರುತ್ತದೆ. ನೀರು ಹಾಯಿಸಿ ಬ್ರಷ್ಷಿನಿಂದ ಉಜ್ಜಿದರೆ ಅದರಡಿಯಿಂದ ಬೂದುಬಣ್ಣದ ಲೋಹ ಕಾಣುತ್ತದೆ, ಪಿನ್ನಿನ ಸಂದಿನಲ್ಲೂ. ಮಂಡ್ಯದಂಥ ಕಬ್ಬಿನ ಸೀಮೆ ಪಕ್ಕದಲ್ಲೇ ಇರುವ ನಮಗೆ ಈ ವಿಧಾನ ಇನ್ನಷ್ಟು ಪರಿಚಿತವಾಗಬೇಕಿತ್ತು. ಆದರೆ ಸತುವಿನ ಮಿಶ್ರಲೋಹದ ಕಾರ್ಬ್ಯುರೇಟರು, ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಕೂಡದು; ಅವು ಸವೆಯುತ್ತವೆ.

ಯಾವ ದ್ರಾವಣದಿಂದ ತೆಗೆದರೂ ಒದ್ದೆ ಕಬ್ಬಿಣ ನಿಮಿಷಗಳಲ್ಲೇ ಮತ್ತೆ ಕೆಂಪೇರುತ್ತದೆ. ತೊಳೆದ ಕೂಡಲೇ ಬಿಸಿಗಾಳಿಯಲ್ಲಿ ಆರಿಸಿ ತೆಳುವಾದ ಫಾಸ್ಫಾರಿಕ್ ಆಮ್ಲ ಸವರಿದರೆ ಕಬ್ಬಿಣದ ಫಾಸ್ಫೇಟಿನ ಪದರ ಕೂತು ಪ್ರೈಮರು ಹಿಡಿಯಲು ನೆಲೆಯಾಗುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ತುಕ್ಕಿಗೆ ಜಗ್ಗದಿರಲು ಅದರಲ್ಲಿನ ಹೆಚ್ಚಿನ ರಂಜಕ ಮತ್ತು ಮೇಲ್ಮೈಯ ಫಾಸ್ಫೇಟ್ ಪದರವೇ ಮುಖ್ಯ ಕಾರಣವೆಂದು ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ಕಂಬದ ಪದರ ಶತಮಾನಗಳಲ್ಲಿ ತಾನಾಗಿ ಬೆಳೆದದ್ದು. ಫೆಂಡರಿನ ಮೇಲಿನದು ಬಹಳ ತೆಳು, ಬಣ್ಣವಿಲ್ಲದೆ ನಿಲ್ಲದು.

ಅದ್ದಲಾಗದ ಚಾಸಿಯ ಮೂಲೆಗಳಿಗೆ ಟ್ಯಾನಿಕ್ ಆಮ್ಲ ಸರಿ. ಸಡಿಲ ತುಕ್ಕನ್ನು ಕೆರೆದು ಇದನ್ನು ಹಚ್ಚಿದರೆ ಉಳಿದ ತುಕ್ಕು ನೀಲಿಗಪ್ಪು ಟ್ಯಾನೇಟಾಗಿ ಮಾರ್ಪಡುತ್ತದೆ. ಅಳಲೆಕಾಯಿಯ ಒಗರಿನಲ್ಲಿರುವುದೂ ಟ್ಯಾನಿನ್ನೇ. ಅದರ ಕಷಾಯಕ್ಕೆ ಕಬ್ಬಿಣ ಸೇರಿದರೆ ಮಸಿ ಹುಟ್ಟುವುದೂ ಇದೇ ಕ್ರಿಯೆಯಿಂದ. ತಗಡು ತೂತು ಬೀಳುವಷ್ಟು ಸವೆದಿದ್ದರೆ ಮಾತ್ರ ಈ ಯಾವುದೂ ಸಾಲದು. ಅಲ್ಲಿ ಪುಟ್ಟಿ ಮೆತ್ತದೆ, ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು.